ಸವತಿಗೆ ಬೇಡದ ಸಮ್ಮತಿ

ದುಂಡವ್ವನಿಗೆ ಕೂತು ಗೊತ್ತಿಲ್ಲ. ರಾಯಬಾಗದ ಆಚೆ, ಕಬ್ಬಿನ ಹೊಲಗಳ ನಡುವಿನ ತೋಟದ ಮನೆಯಲ್ಲಿ ಆಕೆ ಚಹಾ ಕುಡಿಯುವುದು ನಿಂತು, ಎಮ್ಮೆಗಳನ್ನು ಬೈಯುವುದು ನಡೆದಾಡುತ್ತ. ಹಾಲು ಹಿಂಡುವಾಗ ಮಾತ್ರ ಕುಕ್ಕರುಗಾಲಲ್ಲಿ ಕೂಡುತ್ತಾಳೆ. ಅದನ್ನೂ ಕೂಡುವುದು ಎನ್ನಲಾಗದು, ಏಳುವ ತಯಾರಿ ಅಷ್ಟೇ.

ಮನೆಯಲ್ಲಿರುವವರು ಮೂವರು. ದುಂಡವ್ವ ಅಣ್ಣಾಸಾಬನ ಮೊದಲ ಹೆಂಡತಿ. ಅನುಸೂಯಾ ಎರಡನೆಯವಳು. ಮೂರನೆಯದು ಹೆಂಡತಿಯಲ್ಲ, ಮಗಳು ತೃಪ್ತಿ. ಮೂರನೆಯ ಹೆಂಡತಿ ಬೇರೆಯೇ ಇದ್ದಾಳೆ, ಕೊಗನೊಳ್ಳಿಯಲ್ಲಿ. ಅಲ್ಲಿ ಹೆದ್ದಾರಿಯ ಪಕ್ಕ ಚಹಾದಂಗಡಿ ಇಟ್ಟುಕೊಂಡು ಅಣ್ಣಾಸಾಬನೂ ಅವಳ ಜೊತೆಗಿದ್ದಾನೆ. ಅವನು ಮನೆಯಲ್ಲಿದ್ದಷ್ಟು ಕಾಲ ಸವತಿಯರು ಒಬ್ಬರು ಇಟ್ಟ ಕೊಡವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅವನು ಹೋದ ಮೇಲೆ ಜಗಳವಾಡಲು ವಿಷಯವೇ ಉಳಿಯಲಿಲ್ಲ. ಒಲೆ ಒಂದಾಯಿತು, ಎಮ್ಮೆಗಳು ಒಂದಾದವು. ಆದರೂ ಒಂದು ಮಾತನ್ನು ದುಂಡವ್ವ ಬಿಟ್ಟಿರಲಿಲ್ಲ. ಸಿಟ್ಟು ಬಂದಾಗ, "ಅಕ್ಷತಾ ಬಿದ್ದಿದ್ದು ನನ್ನ ತಲೀ ಮ್ಯಾಲ, ತಿಳೀತಿಲ್ಲೋ? ಕಾಯ್ದೇಪರಕಾರ ಹೆಂಡ್ತಿ ನಾ!" ಎನ್ನುವಳು. ಅನುಸೂಯಾ, "ಹೌದಕ್ಕಾ, ನೀನ ಇಟ್ಕೋ ಅವನ್ನ" ಎಂದು ರೊಟ್ಟಿ ಬಡಿಯುವಳು.

ತೃಪ್ತಿ ದುಂಡವ್ವನ ತಮ್ಮ ಬಾಳೇಶನ ಮಗಳು. ಹೆತ್ತವಳು ಬಾಣಂತನದಲ್ಲೇ ತೀರಿಹೋದಳು. ಲಾರಿ ಓಡಿಸುವ ಬಾಳೇಶನಿಗೆ ಕೂಸನ್ನು ಸ್ಟೇರಿಂಗಿನ ಮೇಲೆ ಮಲಗಿಸಲು ಆಗುತ್ತದೆಯೇ? ಅಕ್ಕನ ಮನೆಗೆ ತಂದ. ಅಂಗಳದಲ್ಲಿ ಹಿರಿಯರನ್ನು ಕೂಡಿಸಿ ಕೂಸನ್ನು ಉಡಿಯಲ್ಲಿ ಹಾಕುವ ಶಾಸ್ತ್ರವಾಯಿತು. ಶಾಸ್ತ್ರ ನಡೆಸಿದ ಮುದುಕಿ ಗೌರಾಬಾಯಿ, ಉಡಿ ಒಬ್ಬರದೇ ಆಗಬೇಕು ಎಂದು ಎಷ್ಟು ಹೇಳಿದರೂ ದುಂಡವ್ವ ಕೇಳಲಿಲ್ಲ.

"ಎಮ್ಮಿ ಇಬ್ರೂ ಹಿಂಡ್ತೇವಿ. ಕೂಸ ಒಬ್ಬಾಕೀದ ಹೆಂಗ ಆಗತೈತಿ ಆಯಿ?"

ಸವತಿಯರು ಸೊಂಟಕ್ಕೆ ಸೊಂಟ ಹಚ್ಚಿ ಕೂತರು. ಸೆರಗಿಗೆ ಸೆರಗು ಗಂಟು ಬಿತ್ತು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲುಗಳ ಜೊತೆಗೆ ಕೂಸೂ ಎರಡು ತೊಡೆಗಳ ನಡುವೆ ಬಂದು ಬಿತ್ತು. ಇಡೀ ಊರು ಉಂಡು ಹೋಯಿತು. ಅಂದಿನಿಂದ ಮನೆಯಲ್ಲಿ "ಅವ್ವಾ" ಎಂದರೆ ಇಬ್ಬರು "ಏನs" ಎನ್ನುತ್ತಾರೆ.

ಹೀಗೆ ಮನೆಯಲ್ಲಿ ತೃಪ್ತಿ ಇತ್ತು. ದುಂಡವ್ವನ ಅತೃಪ್ತಿ ಶುರುವಾದದ್ದು ಹೋದ ಕಬ್ಬಿನ ಹಂಗಾಮಿನಲ್ಲಿ. ಶಾಲೆಯಿಂದ ಬರುತ್ತ ಹುಡುಗಿ ಕಬ್ಬು ಹಿರಿಯಲು ಟ್ರ್ಯಾಕ್ಟರಿನ ಟ್ರಾಲಿ ಹತ್ತಿದಳು, ಬಿದ್ದಳು, ಮೊಣಕೈ ಮುರಿಯಿತು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಗಬೇಕೆಂದರು. ಭೂಲು, ಅಂದರೆ ಅರಿವಳಿಕೆ, ಕೊಡಲು ತಾಯಿಯ ಸಹಿ ಬೇಕೆಂದರು. ಎರಡು ಕೈ ಪೆನ್ನಿಗೆ ಚಾಚಿದವು.

"ಇಬ್ರಾಗ ತಾಯಿ ಯಾರ್ರಿ?"

"ಇಬ್ರೂ ರೀ."

"ಹಡದಾಕಿ?"

"ಇಬ್ರೂ ಅಲ್ರಿ."

"ದತ್ತಕದ ಕಾಗದಾ ಏನರ ಅದಾವೇನು?"

"ಕಾಗದಾ ಯಾಕ್ರಿ ಡಾಕ್ಟರ್ರ? ಇಡೀ ಊರ ನೋಡೈತಿ!"

ಊರು ನೋಡಿದ್ದನ್ನು ಫೈಲಿನಲ್ಲಿ ಇಡಲು ಬರುವುದಿಲ್ಲ. ಬಾಳೇಶನ ಫೋನು ಹತ್ತಲಿಲ್ಲ, ಲಾರಿ ಘಟ್ಟದಲ್ಲೆಲ್ಲೋ ಇತ್ತು. ಅವನು ಸಿಕ್ಕು, ಬಂದು, ಸಹಿ ಹಾಕುವವರೆಗೆ ಹುಡುಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡು "ಅವ್ವಾ, ಅವ್ವಾ" ಎಂದು ನರಳುತ್ತ ಮಲಗಿತ್ತು. ಇಬ್ಬರು ಅವ್ವಂದಿರು ಇದ್ದರು. ಒಂದು ಸಹಿ ಇರಲಿಲ್ಲ.

ಕೈ ಕೂಡಿತು. ದುಂಡವ್ವನ ಜೀವ ಕೂಡಲಿಲ್ಲ. ಹುಡುಗಿ ಸೀನಿದರೂ, "ಬಾಳ್ಯಾ ಎಲ್ಲಿ ಅದಾನ, ಫೋನ್ ಹಚ್ಚು" ಎನ್ನತೊಡಗಿದಳು. ಕಡೆಗೆ ಒಂದು ದಿನ ಎಮ್ಮೆಗೆ ಹಿಂಡಿ ಇಟ್ಟವಳೇ ಅನುಸೂಯಾಳನ್ನು ಎಳೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು.

ಮಹಾವೀರ ವಕೀಲರು ಅವರ ಕಡೆ ಹಾಲು ಕೊಳ್ಳುವ ಮನೆತನದವರ ಅಳಿಯ, ಹಾಗಾಗಿ ಬೇಗ ಒಳಗೆ ಕರೆದರು. ಉಳಿದವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ನಮ್ಮಲ್ಲಿ ಕಾನೂನಿಗೆ ಕಾಯ್ದೆ ಎಂದು ಹೆಸರಿಟ್ಟವನು ಒಮ್ಮೆಯಾದರೂ ಆ ಬೆಂಚಿನ ಮೇಲೆ ಕೂತು ಎದ್ದಿರಬೇಕು.

ಎಲ್ಲ ಕೇಳಿ ವಕೀಲರು ಕನ್ನಡಕ ತೆಗೆದರು. "ಉಡ್ಯಾಗ ಹಾಕಿದ್ದು ಛಲೋ ಮಾಡೀರಿ. ಕೊಡಾವ್ರು ಕೊಡಬೇಕು, ತಗೊಳ್ಳಾವ್ರು ತಗೋಬೇಕು, ಕಾಯ್ದೇನೂ ಅದನ್ನ ಕೇಳತೈತಿ. ಆದ್ರ ಒಂದ ಕೂಸನ್ನ ಇಬ್ರು ಒಮ್ಮೆಗೇ ದತ್ತಕ ತಗೊಳ್ಳಾಕ ಬರೂದಿಲ್ಲ. ನೀವು ಜೋಡಿ ಉಡಿ ಮಾಡಿ ಕೆಡಿಸೀರಿ. ಈಗ ಹೊಸದಾಗಿ ಮಾಡ್ರಿ, ರಜಿಸ್ಟರ್ ಮಾಡಿಸೂಣು. ಯಾರ ಉಡಿ, ಒಬ್ರ ಹೆಸರು ಹೇಳ್ರಿ."

"ನಂದs ರೀ" ಎಂದಳು ದುಂಡವ್ವ. ಅನುಸೂಯಾ ಬಾಗಿಲ ಕಡೆ ನೋಡಿದಳು. "ರಕ್ತಸಂಬಂಧ ನಂದು. ಕಾಯ್ದೇದ ಹೆಂಡ್ತೀನೂ ನಾನs."

"ಅದs ಅಡ್ಡ ಬರತೈತಿ ನೋಡ್ರಿ. ಗಂಡ ಜೀವಂತ ಅದಾನ. ನೀವು ತಗೋಬೇಕಂದ್ರ ಅವನ ಸಮ್ಮತಿ ಬೇಕು."

"ಇಕಿಗೆ?"

"ನೀವು ಇರೂಮುಂದ ಆದ ಲಗ್ನ ಲಗ್ನನs ಅಲ್ಲ. ಕಾಯ್ದೇದ ಕಣ್ಣಾಗ ಅವರು ಲಗ್ನ ಇಲ್ದಾಕಿ. ಯಾರ್ನೂ ಕೇಳಬೇಕಾಗಿಲ್ಲ."

ದುಂಡವ್ವ ಎದ್ದು ನಿಂತಳು. ಇಷ್ಟು ವರ್ಷ ಸವತಿಯನ್ನು ಇರಿಯಲು ಇಟ್ಟುಕೊಂಡ ಕುಡುಗೋಲು ಈಗ ತನ್ನ ಕೈಯನ್ನೇ ಕುಯ್ದಿತ್ತು. ಹೆಂಡತಿಗೆ ಸಮ್ಮತಿ ಬೇಕು, ಸವತಿಗೆ ಬೇಡ! ಸೋಡಚೀಟಿ, ಅಂದರೆ ವಿಚ್ಛೇದನ, ತಗೊಂಡರೆ ಹೇಗೆ ಎಂದು ಕೇಳಿದಳು. ಆಗಬಹುದು, ಆದರೆ ವರ್ಷಗಳು ಹಿಡಿಯಬಹುದು ಎಂದರು ವಕೀಲರು. ಅಷ್ಟರಲ್ಲಿ ಹುಡುಗಿ ಇನ್ನೆಷ್ಟು ಟ್ರಾಲಿ ಹತ್ತುವಳೋ.

ವಾಪಸು ಬಸ್ಸಿನಲ್ಲಿ ಅನುಸೂಯಾ ಮೆಲ್ಲಗೆ, "ಅವನ್ನ ಕೇಳಕ್ಕಾ. ನಿನ್ನ ಹೆಸರೀಲೆ ಆಗಲಿ" ಎಂದಳು.

"ನಿಂಗ ಬ್ಯಾಡೇನ?"

"ಬೇಕು" ಎಂದಳು ಅನುಸೂಯಾ.

ಮರುದಿನ ದುಂಡವ್ವ ಒಬ್ಬಳೇ ನಿಪ್ಪಾಣಿಗೆ ಹೋಗಿ, ಅಲ್ಲಿಂದ ಕೊಗನೊಳ್ಳಿಯಲ್ಲಿ ಇಳಿದಳು. ಅಣ್ಣಾಸಾಬ ದಪ್ಪಗಾಗಿದ್ದ. ಮೂರನೆಯವಳು ಭಜಿ ಕರಿಯುತ್ತಿದ್ದಳು, ಒಮ್ಮೆ ನೋಡಿ ಮತ್ತೆ ಎಣ್ಣೆಯ ಕಡೆ ತಿರುಗಿದಳು.

"ಯಾ, ಬಸಾ!" ಎಂದು ಅಣ್ಣಾಸಾಬ ಬಂದು ಕೂಡ್ರಲು ಗಿರಾಕಿಗಳಿಗೆ ಮರಾಠಿಯಲ್ಲಿ ಹೇಳುವ ಹಾಗೆಯೇ ಹೇಳಿದ. ದುಂಡವ್ವ ಕೂಡಲಿಲ್ಲ. ನಿಂತೇ ಎಲ್ಲ ಹೇಳಿದಳು. ಅವನು ಬೈಯುತ್ತಾನೆ, ಆಗುವುದಿಲ್ಲ ಎನ್ನುತ್ತಾನೆ ಎಂದು ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನು ಬೈಯಲಿಲ್ಲ. ಕೈ ಒರೆಸಿಕೊಂಡು ನಕ್ಕ.

"ಹಾಕೂಣು ತಗೋ, ಸಹಿ ಏನ್ ದೊಡ್ಡದು! ಅಂದ್ರ ನಾ ಅಪ್ಪ ಆದ್ನೇನs?"

"ಆಗೂದೇನ ಬಂತು..."

"ಆಗ್ತೇನೀ! ನೀ ಅವ್ವ ಅಂದ್ರ ನಾ ಅಪ್ಪ. ಶಾಳ್ಯಾಗ ಹೆಸರಿನ ಮುಂದ ಅಣ್ಣಾಸಾಬ ಅಂತ ಬರತೈತಿ." ಅವನು ದುಡ್ಡಿನ ಗಲ್ಲೆಯ ಕಡೆ ಕೂತಿದ್ದ ಗೆಳೆಯನಿಗೆ ಕೂಗಿದ: "ದೋಸ್ತಾ, ನಮಗ ಮಗಳ ಹುಟ್ಯಾಳಪಾ! ಚಹಾ ಕುಡಿ!" ಮತ್ತೆ ದುಂಡವ್ವನ ಕಡೆ ತಿರುಗಿ, "ಏನ್ ಹೆಸರಂದಿ? ಎಷ್ಟನೇ ಇಯತ್ತೆ? ಶಾಳಿ ಸೂಟಿಗೆ ಇಲ್ಲಿ ಕಳಸು. ಭಜಿ ಅಂಗಡ್ಯಾಗ ಕೈಗೂಡಸ್ತಾಳ. ಮುಂದ ವರಾ ನಾ ನೋಡ್ತೇನಿ, ಕಾಗಲದ ಕಡೆ ಛಲೋ ಮಂದಿ ಅದಾರ."

ಅವನು ನಿಜವಾಗಿಯೂ ಖುಷಿಯಾಗಿದ್ದ. ದುಂಡವ್ವನಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಬೈದು ಬರಬಹುದಿತ್ತು. ಇವನು ಒಂದು ಸಹಿ ಹಾಕಿ, ಕೂಸಿನ ಒಂದು ರಾತ್ರಿಯ ಜ್ವರವನ್ನೂ ಕಾಣದೆ, ಅಪ್ಪನಾಗಿ ಎದ್ದು ಬರುವವನು. ಮುಂದೆ ಯಾವ ಆಸ್ಪತ್ರೆಯಲ್ಲಿ ಯಾವ ಪೆನ್ನು ಯಾರ ಕೈಗೆ ಹೋಗುತ್ತದೋ.

"ಕಾಗದಾ ತಾ, ಹಾಕ್ತೇನಿ" ಎಂದ ಅಣ್ಣಾಸಾಬ.

ವಕೀಲರು ಬರೆದುಕೊಟ್ಟ ಸಮ್ಮತಿಪತ್ರ ಆಕೆಯ ಕುಪ್ಪಸದಲ್ಲಿತ್ತು. ಬೆವರಿಗೆ ಮೆತ್ತಗಾಗಿತ್ತು.

"ಮರತ ಬಂದೇನಿ."

"ಏ ಹುಚ್ಚೀ! ಇಷ್ಟ ದೂರ ಬಂದು?"

"ಹುಚ್ಚೀನ ಖರೇ" ಎಂದವಳೇ ರಸ್ತೆ ದಾಟಿದಳು. ನಿಪ್ಪಾಣಿಯ ಬಸ್ಸು ಬರುವವರೆಗೆ ನಿಲ್ಲಲಾಗದೆ ಮುಂದಿನ ನಿಲ್ದಾಣದವರೆಗೆ ನಡೆದಳು. ಎಡಬಲಕ್ಕೆ ಲಾರಿಗಳು ಹಾಯುತ್ತಿದ್ದವು. ಅವ್ವನಾಗಬೇಕು ಎನ್ನುವುದು ಒಂದು ಹೆಜ್ಜೆ, ಅವನನ್ನು ಅಪ್ಪನನ್ನಾಗಿ ಮಾಡಲಾರೆ ಎನ್ನುವುದು ಇನ್ನೊಂದು ಹೆಜ್ಜೆ. ನಿಲ್ದಾಣ ಬರುವಷ್ಟರಲ್ಲಿ ಎರಡನೆಯ ಕಾಲು ಮುಂದಿತ್ತು.

ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಅನುಸೂಯೀ, ನಾಳೆ ತಲೀ ಎರಕೊ. ಗೌರಾಬಾಯಿನ್ನ ಕರೀತೇನಿ. ನಿನ್ನ ಉಡ್ಯಾಗ."

ಅನುಸೂಯಾ ಅತ್ತಳು, ಬೇಡ ಎಂದಳು, ಕೊನೆಗೆ ಕೂತಳು. ಬಾಳೇಶ ಮಗಳನ್ನು ಕೈಹಿಡಿದು ತಂದು ಉಡಿಯಲ್ಲಿ ಕೂಡಿಸಿದ. ಕಾಲು ಉದ್ದವಾದ ಮಗಳು ನಾಚಿ ನಕ್ಕಿತು. ಒಂದೇ ಸೆರಗು, ಒಂದೇ ಉಡಿ. ವಕೀಲರ ಗುಮಾಸ್ತ ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ದುಂಡವ್ವ ಚೌಕಟ್ಟಿನಿಂದ ಹೊರಗೆ ಇರಬೇಕಿತ್ತು. ಎಮ್ಮೆಯ ಹಗ್ಗ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು.

ನೋಂದಣಿ ಕಚೇರಿಯಲ್ಲಿ ಸಾಹೇಬರು ಕೊಟ್ಟವನನ್ನು ಕೇಳಿದರು, ತಗೊಂಡವಳನ್ನು ಕೇಳಿದರು. ಮೂಲೆಯಲ್ಲಿ ನಿಂತವಳನ್ನೂ ಕೇಳಿದರು: "ನೀವು ಹುಡುಗಿಗೆ ಏನಾಗಬೇಕ್ರಿ?"

ದುಂಡವ್ವನ ಬಾಯಿ ತೆರೆಯಿತು. ತೃಪ್ತಿ ಅವಳನ್ನೇ ನೋಡುತ್ತಿದ್ದಳು.

"ಸಾಕ್ಷಿ ರೀ" ಎಂದಳು. ಸಹಿ ಹಾಕಲು ಮೊದಲ ಸಲ ಪೆನ್ನು ಅವಳ ಕೈಗೆ ಬಂತು.

ಹೊರಗೆ ಬಂದ ಕೂಡಲೇ ಅನುಸೂಯಾ ವಕೀಲರನ್ನು ಹಿಡಿದಳು. "ಸಾಹೇಬ್ರ, ಇನ್ನೊಂದ ಬರೀರಿ. ನಾ ಸತ್ರ ಹುಡಿಗೀನ ನೋಡ್ಕೊಳ್ಳಾಕಿ ಅಕ್ಕ, ಅಂತ." ಮೃತ್ಯುಪತ್ರದಲ್ಲಿ, ಅಂದರೆ ಉಯಿಲಿನಲ್ಲಿ, ಹಾಗೆ ಬರೆಯಬಹುದು, ಪಾಲಕಿ ಎಂದು ಹೆಸರು ಹಾಕೋಣ ಎಂದರು ವಕೀಲರು.

"ಏನ ಬೇ, ನಾ ಅವ್ವ ಆಗಬೇಕಂದ್ರ ನೀ ಸಾಯಬೇಕೇನ?" ದುಂಡವ್ವ ಸಿಡುಕಿದಳು. ಎರಡು ಹೆಜ್ಜೆ ಆಚೆ ಹೋದಳು, ಎರಡು ಹೆಜ್ಜೆ ಈಚೆ ಬಂದಳು.

"ಬರಸು. ಆದ್ರ ಸಾಯಬ್ಯಾಡ."

ಹಿಂದಿನಿಂದ ತೃಪ್ತಿ "ಅವ್ವಾ, ಹಸಿವಿ" ಎಂದಳು. ಈ ಸಲ ಅನುಸೂಯಾ ಬೇಕೆಂದೇ ಬಾಯಿ ಮುಚ್ಚಿಕೊಂಡಳು.