ಗಂಟೆಯ ಮೇಲೆ ದಾವೆ ಹೂಡಿದ ಮಿಂಗಸಣ್ಣ

ನಮ್ಮ ಹಾತುಲೆಸಿಯ ಚರ್ಚಿನಲ್ಲಿ ಗಂಟೆ ಬಾರಿಸುವ ಕೆಲಸ ಡೊಮಿಂಗಸ್ ಲೆಕಾವಾಲನದು. ಊರಿಗೆಲ್ಲ ಅವನು ಮಿಂಗಸಣ್ಣ. ಆಳು ಕುಳ್ಳ, ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿದೆ, ಕಾಲಿಗೆ ಎರಡು ಬೇರೆ ಬೇರೆ ಬಣ್ಣದ ಚಪ್ಪಲಿ. ಆದರೆ ಹಗ್ಗ ಹಿಡಿದು ನಿಂತನೆಂದರೆ ಏಳು ಸಮುದ್ರದ ನೌಕಾಪಡೆ ಎದುರಿಗೆ ಬಂದರೂ ಕದಲದ ಮಹಾದಂಡನಾಯಕನ ಭಂಗಿ. ಮದುವೆಗೊಂದು ಬಗೆ, ಸಾವಿಗೊಂದು ಬಗೆ, ಭಾನುವಾರಕ್ಕೊಂದು ಬಗೆ ಬಾರಿಸುತ್ತಿದ್ದ. ಕೇಳಿದವರು ಮನೆಯಲ್ಲೇ ಕೂತು ಯಾವ ಅಂಗಿ ಹಾಕಿಕೊಳ್ಳಬೇಕೆಂದು ತೀರ್ಮಾನಿಸುತ್ತಿದ್ದರು.

ಆಮೇಲೆ ಗಲಭೆ ಬಂತು. ನಮ್ಮ ಆಂಬೊನ್ ದ್ವೀಪದ ಕ್ರೈಸ್ತರು ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡರು, ಮುಸ್ಲಿಮರು ಬಿಳಿ ಬಟ್ಟೆ. ಮಿಂಗಸಣ್ಣನ ಗಂಟೆಗೆ ನಾಲ್ಕನೆಯ ಬಗೆಯೊಂದು ಸೇರಿಕೊಂಡಿತು: ಬಿಡದೆ ಬಾರಿಸುವುದು. ಅದು ಕೇಳಿದರೆ ಗಂಡಸರು ಕತ್ತಿ, ನಾಡಕೋವಿ ಹಿಡಿದು ಚರ್ಚಿನ ಮುಂದೆ ಸೇರಬೇಕು, ಒಂದು ಕೀರ್ತನೆ ಹಾಡಬೇಕು, ಪ್ರಾರ್ಥನೆ ಮಾಡಬೇಕು, ಓಡಬೇಕು. ಹೆಂಗಸರು ಗಂಟು ಕಟ್ಟಿಕೊಂಡು ಲವಂಗದ ತೋಪಿಗೆ ಹತ್ತಬೇಕು.

ಗಲಭೆಯ ಎರಡನೆಯ ವರ್ಷ, ಒಂದು ಸಂಜೆ, ಕೊಲ್ಲಿಯ ಮೇಲೆ ಮಳೆ ಮುಸುಕಿದ್ದಾಗ ನಾಲ್ಕು ದೋಣಿಗಳು ನಮ್ಮ ದಡದತ್ತ ಬಂದವು. ಮಿಂಗಸಣ್ಣ ಬಿಡದೆ ಬಾರಿಸಿದ. ನಮ್ಮವರು ಹಾಡಿದರು, ಪ್ರಾರ್ಥಿಸಿದರು, ಓಡಿದರು, ಹೊಡೆದರು. ದೋಣಿಗಳಲ್ಲಿದ್ದವರು ಎದುರು ದಡದ ವಾಯಿನುರು ಊರಿನ ಮುಸ್ಲಿಮರು. ನಮಗೂ ಅವರಿಗೂ ಅಜ್ಜಂದಿರ ಕಾಲದಿಂದ ಪೆಲಾ. ಬೆರಳು ಕೊಯ್ದು ರಕ್ತವನ್ನು ಹೆಂಡದಲ್ಲಿ ಕಲಸಿ ಒಂದೇ ಬಟ್ಟಲಿನಲ್ಲಿ ಕುಡಿದು ಹಾಕಿಕೊಂಡ ಅಣ್ಣತಮ್ಮಂದಿರ ಆಣೆ ಅದು. ಪೆಲಾದವರು ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ, ಅವರ ರಕ್ತ ಚೆಲ್ಲುವಂತಿಲ್ಲ. ಗಲಭೆಯಲ್ಲಿ ದಾರಿ ಮುಚ್ಚಿಹೋಗಿ ನಾವು ಹಸಿದಿದ್ದೇವೆಂದು ಕೇಳಿ ಸಾಗುಮರದ ತಿರುಳಿನ ಹಿಟ್ಟಿನ ಮೂಟೆಗಳನ್ನು ಹೊತ್ತು ತಂದಿದ್ದರು. ದೇವರ ದಯೆ, ನಮ್ಮವರ ಗುರಿ ಅಷ್ಟಕ್ಕಷ್ಟೇ. ವಾಯಿನುರಿನ ಹಿರಿಯ ಹಾಜಿ ರಜಬನ ಮೊಣಕಾಲಿಗೆ ಬಿದ್ದ ಒಂದು ಗುಂಡು ಬಿಟ್ಟರೆ ಮಿಕ್ಕ ಗುಂಡೆಲ್ಲ ಮೀನುಗಳ ಪಾಲಾಯಿತು. ಸಾಗು ಹಿಟ್ಟನ್ನು ನಾವು ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ, ಆದರೆ ಒಂದು ಹಿಡಿಯೂ ಉಳಿದಿರಲಿಲ್ಲ.

ಶಾಂತಿ ಒಪ್ಪಂದವಾಯಿತು. ಗಲಭೆಯಲ್ಲಿ ಸುಟ್ಟುಹೋಗಿದ್ದ ಚರ್ಚಿನ ಬೂದಿಯಿಂದ ಗಂಟೆಯನ್ನು ಎತ್ತಿ, ಅಂಗಳದಲ್ಲಿ ಮರದ ಚೌಕಟ್ಟು ನಿಲ್ಲಿಸಿ ತೂಗುಹಾಕಿದೆವು. ಮೊದಲ ಭಾನುವಾರ ಮಿಂಗಸಣ್ಣ ಹಗ್ಗದ ಹತ್ತಿರ ಬಂದ, ನೋಡಿದ, ಮನೆಗೆ ಹೋದ.

"ನಾನು ಬಾರ್ಸಲ್ಲ," ಅಂದ. "ಮೊದ್ಲು ವಿಚಾರಣೆ ಆಗ್ಲಿ."

"ಯಾರದ್ದು?" ಅಂದಳು ಹೆಂಡತಿ ತಾನ್ಚೆ.

"ಗಂಟೇದು. ಇಷ್ಟೆಲ್ಲ ಆಗಿದ್ದು ನಮ್ಮ ಧರ್ಮದಿಂದಾನೋ ಅಲ್ವೋ? ಹೌದು ಅನ್ಲಿ, ಇಲ್ಲ ಅನ್ಲಿ. ಅಲ್ಲೀವರ್ಗೂ ಹಗ್ಗ ಮುಟ್ಟಲ್ಲ."

"ನಿಂಗೆ ಸಂಬ್ಳ ಕೊಡೋದು ಎಳೆಯೋಕೆ, ಯೋಚ್ನೆ ಮಾಡೋಕಲ್ಲ," ಎಂದಳು ತಾನ್ಚೆ. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ಮಾತು.

ಅಂದಿನಿಂದ ಮಿಂಗಸಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಹೋಗುವನು. ಬಲೆ ಹೆಣೆಯುವವನು ಅರ್ಧಕ್ಕೆ ಬಿಟ್ಟು ಯಾರದೋ ಜಗುಲಿ ಹತ್ತುವನು. ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ಮನೆಮನೆಗೂ ತನ್ನ ಪ್ರಶ್ನೆಯ ಕುದುರೆಯನ್ನು ನುಗ್ಗಿಸಿದ. ಕಟ್ಟಿಹಾಕುವ ಗಂಡು ಊರಲ್ಲಿ ಒಬ್ಬನೂ ಸಿಗಲಿಲ್ಲ.

ಮೇಷ್ಟ್ರು ಹೇಳಿದರು, "ನೋಡಪ್ಪಾ, ಇದು ಧರ್ಮದ ಜಗಳ ಅಲ್ವೇ ಅಲ್ಲ. ಕೆಲಸ, ಜಮೀನು, ಜಕಾರ್ತದ ರಾಜಕೀಯ."

"ಆವತ್ತು ನನ್ನ ಕೈ ಎಳೆದಿದ್ದು ಜಕಾರ್ತಾನಾ ಮೇಷ್ಟ್ರೇ? ಅಲ್ಲಿಂದ ಇಲ್ಲೀವರ್ಗೂ ಅಷ್ಟುದ್ದ ಕೈ ಯಾರ್ದು?"

ಚರ್ಚಿನ ಹಿರಿಯ ಮಾರ್ತೆನ್‌ನದು ಇನ್ನೂ ಸುಲಭದ ಉತ್ತರ. "ಹೊರಗಿನವ್ರು ಬಂದು ಕಿಚ್ಚು ಹಚ್ಚಿದ್ರು."

"ಹಾಡಿದ್ಯಾರು? ಹೊರಗಿನವ್ರಾ? ಎರಡನೇ ಚರಣದಲ್ಲಿ ಶ್ರುತಿ ತಪ್ಪಿದ್ದು ನೀನೇ, ನಂಗೆ ಚೆನ್ನಾಗಿ ನೆನಪಿದೆ."

ಪಾದ್ರಿಯಮ್ಮ ಯೊಸಿನಾ ಹೊಸದಾಗಿ ಬಂದವರು, ಓದಿದವರು, ತಾಳ್ಮೆಯವರು. "ಅಣ್ಣಾ, ಕ್ರಿಸ್ತ ಪ್ರೀತಿ ಕಲಿಸಿದ. ಜನ ಅವನ ಹೆಸರು ಕೆಡಿಸಿದ್ರು. ಧರ್ಮ ತಪ್ಪಲ್ಲ, ಮನುಷ್ಯ ತಪ್ಪು."

"ಒಳ್ಳೇದಾದ್ರೆ ಧರ್ಮದಿಂದ, ಕೆಟ್ಟದಾದ್ರೆ ಮನುಷ್ಯನಿಂದ. ಈ ಥರ ವ್ಯಾಪಾರ ಮಾಡೋ ಅಂಗ್ಡೀಗೆ ಯಾರಾದ್ರೂ ಹೋಗ್ತಾರಾ ಅಮ್ಮಾ?"

ಪಾದ್ರಿಯಮ್ಮ ಚಹಾ ಕೊಟ್ಟರು. ಅವನು ಕುಡಿಯದೆ ಎದ್ದ.

ಬಾಳೆಹಣ್ಣು ಕರಿದು ಮಾರುವ ವಿಧವೆ ನೆಲ್ಚಿ ಮಾತ್ರ ಅವನ ಪಕ್ಷ ಸೇರುವಂತೆ ಕಂಡಳು. "ಹೌದು ಬಿಡು, ಎಲ್ಲಾ ಧರ್ಮದ್ದೇ ತಪ್ಪು. ನನ್ನ ಗಂಡ ಸತ್ತಿದ್ದೂ ಅದ್ರಿಂದಾನೇ." ಮಿಂಗಸಣ್ಣ ಹಿಗ್ಗಿದ. ಅಷ್ಟರಲ್ಲಿ ಅವಳೇ ಸೇರಿಸಿದಳು, "ಆದ್ರೆ ಅವ್ನು ಸತ್ಮೇಲೆ ಆರು ತಿಂಗ್ಳು ನಂಗೆ ಅನ್ನ ಹಾಕಿದ್ದೂ ಚರ್ಚಿನವ್ರೇ. ಅದನ್ನೆಲ್ಲಿ ಬರ್ಕೋತೀಯ?" ಮಿಂಗಸಣ್ಣ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ಊರನ್ನು ಇನ್ನೊಂದು ಸುತ್ತು ಹಾಕಿದ.

ಇತ್ತ ಚರ್ಚಿಗೆ ಜನರನ್ನು ಕರೆಯುವ ಬೇರೆ ದಾರಿ ಬೇಕಾಯಿತು. ಹಿರಿಯ ಮಾರ್ತೆನ್ ಕಬ್ಬಿಣದ ಸಲಾಕೆ ತೆಗೆದುಕೊಂಡು ಬೀದಿಯ ಲೈಟುಕಂಬ ಬಡಿದ. ಗಲಭೆಯ ಕಾಲದಲ್ಲಿ ಕಂಬ ಬಡಿಯುವುದಕ್ಕೂ ಒಂದೇ ಅರ್ಥವಿತ್ತೆಂಬುದನ್ನು ಆ ಮಹಾನುಭಾವ ಮರೆತಿದ್ದ. ಕಾಲು ಗಂಟೆಯೊಳಗೆ ಅರ್ಧ ಊರು ಲವಂಗದ ತೋಪಿನಲ್ಲಿತ್ತು. ತಾನ್ಚೆಯ ಕೈಯಲ್ಲಿ ಕುದಿಯುತ್ತಿದ್ದ ಅನ್ನದ ಪಾತ್ರೆ ಇತ್ತು. ಮುಂದಿನ ವಾರ ಶಂಖ ಊದಿಸಿದರು. ಅದಂತೂ ಮುತ್ತಜ್ಜಂದಿರ ಕಾಲದಿಂದಲೇ ಯುದ್ಧದ ಕಹಳೆ. ಮುದುಕರು ಸಹ ಕತ್ತಿ ಹುಡುಕಿದರು. ಕೊನೆಗೆ ಧ್ವನಿವರ್ಧಕದಲ್ಲಿ ಕೀರ್ತನೆ ಹಾಕಿದರೆ, ಅದು ಅದೇ ಕೀರ್ತನೆ. ಹಾತುಲೆಸಿಯಲ್ಲಿ ಪಾಪ ಮಾಡದ ಒಂದು ಸದ್ದೂ ಉಳಿದಿರಲಿಲ್ಲ. ಮಾರ್ತೆನ್ ಮನೆಮನೆಗೆ ನಡೆದುಹೋಗಿ ಪಿಸುಗುಟ್ಟಿ ಕರೆಯತೊಡಗಿದ. ಅವನ ಮಂಡಿನೋವು ಹೆಚ್ಚಾಯಿತು, ಸಹನೆ ಮುಗಿಯಿತು.

"ಹೊಸ ಚರ್ಚಿನ ಚಾವಣಿಗೆ ಮೇಲುಮರ ಏರಿಸೋ ದಿನ ಗಂಟೆ ಮೊಳಗ್ಲೇಬೇಕು," ಎಂದು ಘೋಷಿಸಿದ. "ನೀನು ಬಾರಿಸ್ದೇ ಹೋದ್ರೆ ಹಗ್ಗ ನನ್ನ ಅಳಿಯಂಗೆ."

ಮಾರ್ತೆನ್‌ನ ಅಳಿಯ ಸಂತೆಯಲ್ಲಿ ಮೈಕು ಇಟ್ಟು ದುಡ್ಡು ಕೊಟ್ಟವರಿಂದ ಹಾಡು ಹಾಡಿಸುವವನು. ಮಿಂಗಸಣ್ಣ ಅಂದು ಮೂರು ಸಲ ಸಮುದ್ರಕ್ಕೆ ಹೋಗಿ ಮೀನಿಲ್ಲದೆ ವಾಪಸು ಬಂದ. ಅಪ್ಪನ ಕೈಯಿಂದ ಬಂದ ಹಗ್ಗ ಕೈತಪ್ಪಬಾರದು. ಉತ್ತರ ಸಿಗದೆ ಅದನ್ನು ಮುಟ್ಟಲೂ ಬಾರದು. ಈ ಇಕ್ಕಟ್ಟಿನಲ್ಲಿ ನಮ್ಮ ವೀರನಿಗೆ ಒಂದು ಉಪಾಯ ಹೊಳೆಯಿತು. ಅದರಷ್ಟು ದಡ್ಡ ಉಪಾಯ ಪೆಲಾ ಇರುವ ಊರಿನವನಿಗಲ್ಲದೆ ಬೇರೆ ಯಾರಿಗೂ ಹೊಳೆಯುವಂತಿಲ್ಲ.

ನಮ್ಮ ಚರ್ಚಿನ ಮೇಲುಮರವನ್ನು ವಾಯಿನುರಿನವರೇ ತರಬೇಕು, ಅವರ ಮಸೀದಿಗೆ ನಾವು. ಅದು ಆಣೆಯ ಪದ್ಧತಿ. ಮರ ಏರಿಸುವ ದಿನ ಬೆಳಿಗ್ಗೆ ಅವರು ಬಂದರು. ಉದ್ದನೆಯ ಮರವನ್ನು ಎರಡು ದೋಣಿಗಳಿಗೆ ಅಡ್ಡ ಕಟ್ಟಿಕೊಂಡು, ತಮಟೆ ಬಡಿಯುತ್ತ. ಮುಂದಿನ ದೋಣಿಯಲ್ಲಿ ಹಾಜಿ ರಜಬ ಸೊಟ್ಟ ಕಾಲು ಚಾಚಿ ಕೂತಿದ್ದ. ಹೆಂಗಸರು ನೀರಿಗಿಳಿದು ಬರಮಾಡಿಕೊಂಡರು. ಮರ ಹೆಗಲಿನಿಂದ ಹೆಗಲಿಗೆ ಹೋಯಿತು, ಮೇಲೇರಿತು, ಕೂತಿತು. ಎಲ್ಲರೂ ಗಂಟೆಯ ಚೌಕಟ್ಟಿನ ಕಡೆ ತಿರುಗಿದರು.

ಮಿಂಗಸಣ್ಣ ಮುಂದೆ ಬಂದ. ಹಗ್ಗ ಹಿಡಿಯಲಿಲ್ಲ. ನೇರ ರಜಬನ ಮುಂದೆ ನಿಂತ.

"ಹಾಜಿಯಣ್ಣ, ಪೆಲಾದ ಹೆಸ್ರಲ್ಲಿ ಒಂದು ಕೇಳ್ತೀನಿ."

"ಕೇಳೋ ತಮ್ಮಾ."

"ಈ ಗಂಟೇನ ನಿಮ್ಮೂರಿಗೆ ತಗೊಂಡು ಹೋಗ್ಬಿಡು."

ಮಾರ್ತೆನ್ ಕೂಗಿದ, "ಅದು ಚರ್ಚಿನ ಆಸ್ತಿ! ಇವ್ನಪ್ಪಂದಲ್ಲ!"

"ಕೇಳಿ ಆಯ್ತಲ್ಲ ಮಾರಾಯ," ಎಂದ ರಜಬ, ತಾನೇ ಬಲೆಗೆ ಬಿದ್ದ ಮೀನಿನ ಮುಖ ಮಾಡಿಕೊಂಡು. "ಆಣೆ ಹಾಕಿ ಕೇಳ್ಬಿಟ್ಟ. ಇಲ್ಲ ಅಂದ್ರೆ ನನ್ನ ಮೊಮ್ಮಕ್ಳಿಗೆ ಮೈಯೆಲ್ಲ ಹುಣ್ಣಾಗುತ್ತೆ. ನಿಂಗೇನು, ನೀನು ಕೂಗ್ತೀಯ." ತನ್ನವರ ಕಡೆ ತಿರುಗಿದ. "ಬಿಚ್ರಪ್ಪಾ. ಮಸೀದಿಗೆ ನೆಲಹಾಸು ಕೇಳೋಣ ಅಂತ ಬಂದೆ. ಚರ್ಚಿನ ಗಂಟೆ ಹೊತ್ಕೊಂಡು ಹೋಗೋ ಯೋಗ."

ಬಿಚ್ಚಿದರು. ಆರು ಜನ ಹೊತ್ತರು. ಊರೆಲ್ಲ ಹಿಂದೆ ನಡೆಯಿತು, ಶವಯಾತ್ರೆಯೋ ಮೆರವಣಿಗೆಯೋ ತಿಳಿಯದೆ. ಗಂಟೆ ದೋಣಿಗೆ ಇಳಿಯಿತು, ದೋಣಿ ಒಂದು ಗೇಣು ಮುಳುಗಿತು. ಮಿಂಗಸಣ್ಣನ ಮುಖದಲ್ಲಿ ಗೆದ್ದವನ ಕಳೆ: ಇನ್ನು ಅಳಿಯನಿಗೆ ಎಳೆಯಲು ಗಂಟೆಯೇ ಇಲ್ಲ.

"ನಿಲ್ಲು," ಎಂದ ರಜಬ ದೋಣಿಯ ಅಂಚು ಹಿಡಿದು. "ಪೆಲಾ ಅಂದ್ರೆ ಒಂದೇ ಕಡೆ ಹರಿಯೋ ನೀರಲ್ಲ. ಈಗ ನನ್ನ ಸರದಿ. ನಾನೊಂದು ಕೇಳ್ತೀನಿ."

ಇದೊಂದನ್ನು ನಮ್ಮ ದಂಡನಾಯಕ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಆವತ್ತು ಸಂಜೆ," ಎಂದ ರಜಬ, ಮೊಣಕಾಲು ಮುಟ್ಟಿಕೊಂಡು. "ನೀನು ಬಾರಿಸ್ತಿದ್ಯಲ್ಲ, ಆಗ ನಿನ್ನ ಮನ್ಸಲ್ಲಿ ಏನಿತ್ತು? ಸುಳ್ಳು ಹೇಳ್ಬೇಡ, ಆಣೆ ಇದೆ."

ಮಿಂಗಸಣ್ಣ ಎರಡು ಹೆಜ್ಜೆ ಆಚೆ ಹೋದ, ಈಚೆ ಬಂದ. ಚಪ್ಪಲಿ ಬಿಟ್ಟ, ಮತ್ತೆ ಹಾಕಿಕೊಂಡ. ಮಾರ್ತೆನ್, "ಹೆದ್ರಿದ್ದ, ಪಾಪ. ಎಲ್ರೂ ಹೆದ್ರಿದ್ವಿ," ಎಂದು ಸಹಾಯಕ್ಕೆ ಬಂದ.

"ಹೆದ್ರಿರ್ಲಿಲ್ಲ," ಅಂದ ಮಿಂಗಸಣ್ಣ. "ಖುಷಿಯಾಗಿತ್ತು."

ಮಾರ್ತೆನ್ ಅವನ ತೋಳು ಜಗ್ಗಿದ.

"ಕಣ್ಣು ಮುಚ್ಕೊಂಡಿದ್ದೆ ಹಾಜಿಯಣ್ಣ. ಪ್ರಾರ್ಥನೆ ಮಾಡ್ತಾ ಬಾರಿಸ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿರ್ಲಿಲ್ಲ. ದೇವ್ರೇ ನನ್ನ ಕೈ ಮೇಲೆ ಕೈ ಇಟ್ಟಿದಾನೆ ಅನ್ನಿಸ್ತು. ದೋಣಿ ಯಾರ್ದು ಅಂತ ನೋಡ್ಲೇ ಇಲ್ಲ. ನೋಡೋದು ಬೇಕು ಅಂತಾನೂ ಅನ್ನಿಸ್ಲಿಲ್ಲ." ಮೂಗು ಒರೆಸಿಕೊಂಡ. "ಎಲ್ರೂ ಬೇರೆ ಬೇರೆ ಕಾರಣ ಹೇಳ್ತಾರೆ. ಆ ಖುಷಿ ಎಲ್ಲಿಂದ ಬಂತು, ಅದನ್ನ ಯಾರೂ ಹೇಳಲ್ಲ."

ನಮ್ಮ ಊರಿನ ಗಂಡಸರು ತಮ್ಮ ತಮ್ಮ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡಿಕೊಂಡರು. ಆ ಸಂಜೆ ಹಾಡುವಾಗ ತಮಗೂ ಏನಾಗಿತ್ತೆಂಬುದು ಅವರಿಗೆ ಗೊತ್ತಿತ್ತು.

ರಜಬ ಗಂಟೆಯ ಮೇಲೆ ಕೈ ಇಟ್ಟ. ಆಮೇಲೆ ಅಂದ, "ತಪ್ಪಾಯ್ತು ಅಂತ ನಿಮ್ಮೂರಿನವ್ರು ಕೋಳಿ ತಂದ್ರು, ಬಟ್ಟೆ ತಂದ್ರು, ಅತ್ರು. ಖುಷಿಯಾಗಿತ್ತು ಅಂತ ಹೇಳಿದವ್ನು ನೀನೊಬ್ನೇ. ನಮ್ಮ ಮಸೀದಿ ನಗಾರಿ ಬಡಿಯೋನು ಒಬ್ಬ ಇದಾನೆ, ಜುನೇದ್ ಅಂತ. ಗಲಭೇಲಿ ಅವ್ನೂ ಬಿಡ್ದೇ ಬಡ್ದಿದ್ದ. ಅವ್ನಿಗೂ ನಿನ್ನ ಥರಾನೇ ತಿಕ್ಲು. ನಿದ್ದೆ ಮಾಡಲ್ಲ, ಮಾಡೋಕೂ ಬಿಡಲ್ಲ. ನೀನು ಅವ್ನ ಹತ್ರ ಮಾತಾಡು. ನಮಗೂ ಸ್ವಲ್ಪ ನೆಮ್ಮದಿ ಸಿಗ್ಲಿ."

"ಮತ್ತೆ ಗಂಟೆ?" ಎಂದ ಮಾರ್ತೆನ್.

"ಅದು ಅವ್ನು ಕೇಳಿದ್ದು, ನಾನು ತಗೊಂಡೆ. ವಾಪಸ್ ಬೇಕಂದ್ರೆ ನಿಮ್ಮೂರಿನ ಹೆಸ್ರಲ್ಲಿ ಒಬ್ರು ಬಂದು ಕೇಳ್ಲಿ, ಕೊಡ್ತೀನಿ. ಆಮೇಲೆ ನಾನೂ ಒಂದು ಪ್ರಶ್ನೆ ಕೇಳ್ತೀನಿ, ಅಷ್ಟೇ."

ಮಾರ್ತೆನ್ ಕೆಮ್ಮಿದ. ಇದುವರೆಗೆ ಯಾರೂ ಹೋಗಿ ಕೇಳಿಲ್ಲ. ಸಭೆ ಸೇರುತ್ತೇವೆ, ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಬೇರೆ ವಿಷಯಕ್ಕೆ ಹೋಗುತ್ತೇವೆ.

ಗಂಟೆ ವಾಯಿನುರಿನ ಕಟ್ಟೆಯ ತುದಿಯಲ್ಲಿ, ದೋಣಿ ಕಟ್ಟುವ ಜಾಗದಲ್ಲಿ ತೂಗುತ್ತಿದೆ. ಅದನ್ನು ಬಾರಿಸಲು ಅಲ್ಲಿ ಯಾರಿಗೂ ಬರುವುದಿಲ್ಲ. ಹಾಗಾಗಿ, ಉತ್ತರ ಸಿಗದಿದ್ದರೂ ಪ್ರಶ್ನೆಗೆ ಜೊತೆ ಸಿಕ್ಕಿದ ಮೇಲೆ, ಭಾನುವಾರ ಬೆಳಿಗ್ಗೆ ಮಿಂಗಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು ಮುಸ್ಲಿಮರ ಊರಿಗೆ ಹೋಗಿ ನಮ್ಮನ್ನು ಚರ್ಚಿಗೆ ಕರೆಯುತ್ತಾನೆ. ಕೊಲ್ಲಿ ದಾಟಿ ಬರುವಷ್ಟರಲ್ಲಿ ಆ ಸದ್ದು ತೆಳ್ಳಗಾಗಿರುತ್ತದೆ. ಯಾರೂ ಗಂಟು ಕಟ್ಟುವುದಿಲ್ಲ. ಹೆಂಗಸರು ತಲೆ ಬಾಚಿಕೊಳ್ಳುತ್ತಾರೆ. ಹಗ್ಗ ಅಳಿಯನ ಪಾಲಾಗಲಿಲ್ಲ, ಏಕೆಂದರೆ ಅವನಿಗೆ ದೋಣಿಯಲ್ಲಿ ವಾಂತಿಯಾಗುತ್ತದೆ.

ಈಚೆಗೆ ಮಾತ್ರ ಗಂಟೆ ತಡವಾಗುತ್ತಿದೆ. ಕಳೆದ ಭಾನುವಾರ ನಾವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದಡದಲ್ಲಿ ಕಾದೇ ಕಾದೆವು. ಆಚೆ ಕಟ್ಟೆಯ ಮೇಲೆ ಎರಡು ಆಕೃತಿಗಳು ಕೈಬೀಸಿ ಜಗಳವಾಡುತ್ತಿದ್ದವು, ಒಂದು ಕುಳ್ಳಗೆ, ಒಂದು ಉದ್ದಕ್ಕೆ. ಮಿಂಗಸಣ್ಣ ಮತ್ತು ಜುನೇದ್. ಹೆಚ್ಚು ತಪ್ಪು ತನ್ನದೇ ಎಂದು ಇಬ್ಬರೂ ಹಟ ಹಿಡಿದಿದ್ದರಂತೆ. ಪಾದ್ರಿಯಮ್ಮ ಪವಿತ್ರಗ್ರಂಥ ಮುಚ್ಚಿ ಮರಳಿನ ಮೇಲೆ ಕೂತರು.

"ಕರೀಲಾ?" ಎಂದಳು ತಾನ್ಚೆ, ಎರಡೂ ಕೈ ಬಾಯಿಗೆ ಹಿಡಿದು.

"ಬೇಡ," ಎಂದರು ಪಾದ್ರಿಯಮ್ಮ. "ನನ್ನ ಹತ್ರ ಅದಕ್ಕಿಂತ ಒಳ್ಳೇ ಉಪದೇಶ ಇಲ್ಲ. ಮುಗಿಸ್ಲಿ."