ಮಾಳಸಾಳನ್ನು ನೆಲಕ್ಕೆ ಬಿಟ್ಟದ್ದು

ಎಳೆಯ ಜೀವ ಉಳಿಸುವುದು ಡಾಬಕಾ ಊರಿನ ಪುತಳಾಬಾಯಿಗೆ ಗೊತ್ತಿದ್ದ ವಿದ್ಯೆ. ದಿನ ತುಂಬದೆ ಹುಟ್ಟಿದ ಕುರಿಮರಿಗಳನ್ನು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲೇ ಇಟ್ಟುಕೊಂಡು, ಬತ್ತಿಯಿಂದ ಹಾಲು ಕುಡಿಸಿ ಬದುಕಿಸಿದವಳು ಆಕೆ. ಸೊಸೆ ಸಿದ್ದೇಶ್ವರಿಗೆ ಏಳು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಬೀದರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದು ಮನೆಗೆ ಬಂದಾಗ, ಇನ್ನು ಅದನ್ನು ಸಾಕುವುದು ತನ್ನ ಕೆಲಸವೆಂದು ಆಕೆ ಯಾರನ್ನೂ ಕೇಳದೆ ತೀರ್ಮಾನಿಸಿದಳು.

ಮಗುವಿಗೆ ಮಾಳಸಾ ಎಂದು ಹೆಸರಿಟ್ಟರು. ಕಂಬಳಿ, ಮಡಿಲು, ಮತ್ತೆ ಕಂಬಳಿ. ಅದರ ಪಾದಕ್ಕೆ ಮಣ್ಣು ತಗುಲಲಿಲ್ಲ. ಅದೇ ತಿಂಗಳು ಹುಟ್ಟಿದ ಓಣಿಯ ಹುಡುಗ ಗೋಡೆ ಹಿಡಿದು ನಿಂತ. ಮಾಳಸಾ ಇನ್ನೂ ಕೂರುತ್ತಿರಲಿಲ್ಲ. ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು.

ಅತ್ತೆ ಸೊಸೆ ಮಗುವನ್ನು ಬೀದರಿಗೆ ಒಯ್ದರು. ಅಲ್ಲಿ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಪೂನಮ ಮಗುವನ್ನು ಚಾಪೆಯ ಮೇಲೆ ಬೋರಲು ಹಾಕಿ ನೋಡಿದಳು.

"ಓಣಿ ಹುಡುಗನ ಜೋಡಿ ಅಳೀಬ್ಯಾಡ್ರಿ ಆಯಿ. ಎಷ್ಟು ಮೊದಲ ಹುಟ್ಟ್ಯಾಳೋ ಅಷ್ಟು ಕಳದೇ ವಯಸ್ಸ ಹಿಡೀಬೇಕು. ಆದ್ರೂ ತಡ ಆಗ್ಯಾದ. ಕಾಲು ಬಿಗಿ ಇರೋದು ನಿಮ್ಮಿಂದಲ್ಲ, ಅವಸರಕ್ಕ ಹುಟ್ಟಿದ್ದಕ್ಕ. ಆದ್ರ ಮಡಲಾಗೇ ಇದ್ರ ಬೆನ್ನಿಗಿ ಬಲ ಹ್ಯಾಂಗ ಬರಬೇಕು? ನೆಲಕ್ಕ ಬಿಡ್ರಿ."

"ಕುರಿಮರಿ ಹುಟ್ಟಿದ ತಾಸಿನಾಗ ತಾನೇ ಎದ್ದು ನಿಂದರ್ತದ. ಇದೇನ್ ಕುರಿ ಏನ್ರಿ ಬಾಯಿ, ನೆಲಕ್ಕ ಬಿಡ್ಲಾಕ?" ಎಂದಳು ಪುತಳಾಬಾಯಿ.

ಅತ್ತೆಗೆ ಎಂದೂ ಎದುರಾಡದ ಸಿದ್ದೇಶ್ವರಿ ಬಾಯಿ ತೆರೆದಳು. "ಕುರಿ ಅಲ್ಲಂತ ನಿಮಗ ಇವತ್ತ ಗೊತ್ತಾಯ್ತೇನ್ರಿ ಅತ್ತಿ?"



ಮರುದಿನ ಬೆಳಿಗ್ಗೆ ಸಿದ್ದೇಶ್ವರಿ ಪಡಸಾಲೆಯಲ್ಲಿ ಕೌದಿ ಹಾಸಿ ಮಗುವನ್ನು ಬೋರಲು ಮಲಗಿಸಿದಳು. ಮಾಳಸಾ ಮುಖ ಕೌದಿಗೆ ಒತ್ತಿ ಚೀರಿದಳು. ಪುತಳಾಬಾಯಿಯ ಕೈಗಳು ಮುಂದೆ ಹೋದವು. ಸೊಸೆ ಅಡ್ಡ ಬರಲಿಲ್ಲ, ಸುಮ್ಮನೆ ನೋಡಿದಳು. ಎತ್ತಿದರೆ ಎಲ್ಲ ಮೊದಲಿನಂತೆಯೇ ಆಗುತ್ತದೆಂದು ಮುದುಕಿಗೂ ತಿಳಿಯಿತು. ಎತ್ತದೆ ಇರುವುದೂ ಆಗಲಿಲ್ಲ. ಕೊನೆಗೆ ನೋಯುವ ಮೊಣಕಾಲು ಮಡಚಿ, ಮಗುವಿನ ಎದುರಿಗೆ ತಾನೂ ನೆಲಕ್ಕೆ ಬೋರಲಾದಳು.

ಕುರಿ ಮೇಯಿಸಲು ಹೊರಟಿದ್ದ ಆಕೆಯ ಗಂಡ ಧೊಂಡಿಬಾ ಬಾಗಿಲಲ್ಲೇ ನಿಂತ. "ಯಾಕ, ಈ ವಯಸ್ಸಿನಾಗ ಅಂಬೆಗಾಲು ಕಲೀಲತ್ತಿ ಏನು?"

"ನೀ ಹೋಗೋ ಮಾರಾಯಾ. ಆಕಿ ನನ್ನ ಮಾರಿ ನೋಡ್ಲತ್ತಾಳ."

ಮಗು ಅಳು ನಿಲ್ಲಿಸಿ ತಲೆ ಎತ್ತಿತ್ತು. ಒಂದೆರಡು ಕ್ಷಣ, ಅಷ್ಟೇ.

ಮುಂದಿನ ತಿಂಗಳುಗಳು ಹೀಗೇ ನಡೆದವು: ಬೀದರಿಗೆ ಹೋಗುವುದು, ಪೂನಮ ಹೇಳಿದ್ದನ್ನು ಮನೆಯಲ್ಲಿ ಮಾಡಿಸುವುದು. ಮಗು ಮುಂದೆ ನಡೆದೀತೆಂಬ ಭರವಸೆಯನ್ನು ಪೂನಮ ಯಾರಿಗೂ ಕೊಡಲಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಳಸಾ ಎರಡೂ ಕೈ ಮುಂದೆ ಊರಿ ತಾನಾಗಿ ಕುಳಿತಳು. ಕತ್ತು ತಿರುಗಿಸಿ ಅಜ್ಜಿಯನ್ನು ಹುಡುಕಿದಳು, ಪಕ್ಕಕ್ಕೆ ಉರುಳಿದಳು, ಅತ್ತಳು.

ಪುತಳಾಬಾಯಿ ತನ್ನ ಕೈಗಳನ್ನು ಸೆರಗಿನಲ್ಲಿ ಬಿಗಿದುಕೊಂಡು ಕುಳಿತೇ ಇದ್ದಳು.

"ಎತ್ರಿ ಅತ್ತಿ," ಎಂದಳು ಸಿದ್ದೇಶ್ವರಿ. "ಇವತ್ತಿಗಿ ಸಾಕು."