ಹಗುರದ ಹುಚ್ಚು

ನನ್ನದು ಬಟ್ಟೆ ಒಗೆಯುವ ಅಂಗಡಿ. ಊರವರ ಕೊಳೆ ತಿಕ್ಕಿ ತಿಕ್ಕಿ ಹೇಸಿಗೆ ಅನ್ನುವುದೇ ನನ್ನಿಂದ ದೂರವಾಗಿದೆ ಅಂದುಕೊಂಡಿದ್ದೆ. ನನ್ನ ತಂಗಿಯ ಗಂಡ ಆ ಭ್ರಮೆ ಬಿಡಿಸಿದ.

ಅವನು ಚಿನ್ನದ ಅಂಗಡಿಯಲ್ಲಿ ತೂಕ ಹಾಕುವವನು. ಗಾಜಿನ ಪೆಟ್ಟಿಗೆಯೊಳಗೆ ಅವನ ತಕ್ಕಡಿ. ಗಾಳಿ ತಾಗಿದರೆ ತೂಕ ತಪ್ಪುತ್ತದೆ ಅಂತ ಎಂಥ ಸೆಕೆಯಲ್ಲೂ ಫ್ಯಾನ್ ಹಾಕದೆ ಬೆವರುತ್ತ ಕೂರುತ್ತಾನೆ. ಇಷ್ಟು ವರ್ಷದಲ್ಲಿ ಕೂದಲೆಳೆಯಷ್ಟೂ ಆಚೀಚೆ ಮಾಡಿದವನಲ್ಲ. ಮನೆಯವರೆಲ್ಲ ಸೇರಿ ಅವನಿಗೆ 'ಗ್ರಾಂ' ಅಂತ ಹೆಸರಿಟ್ಟಿದ್ದೆವು. ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಿದ್ದ. ಕುಡಿತವಿಲ್ಲ, ಹೆಂಡತಿ ಮೇಲೆ ಕೈ ಎತ್ತಿದವನಲ್ಲ. ಒಳ್ಳೆಯ ಗಂಡು ಅಂತ ನಾನೇ ಮುಂದೆ ನಿಂತು ಮದುವೆ ಮಾಡಿಸಿದ್ದು.

ಡಾಕ್ಟರು ಹೊಟ್ಟೆ ಕರಗಿಸು ಅಂದರು. ಅವನು ಭಾನುವಾರದ ಸೈಕಲ್ ಗುಂಪಿಗೆ ಸೇರಿದ. ಊರಾಚೆ ಒಂದು ಗುಡ್ಡವಿದೆ, ಗುಂಪಿನವರು ಅದನ್ನು ಹತ್ತಿ ಇಳಿಯುತ್ತಾರೆ. ನಮ್ಮ ಗ್ರಾಂ ಹಳೆಯ ಸೈಕಲ್ ತುಳಿದುಕೊಂಡು ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ತುದಿ ಮುಟ್ಟುತ್ತಿದ್ದ. ಅವರಲ್ಲೊಬ್ಬ ಪುಣ್ಯಾತ್ಮ, "ನಿಮ್ಮದೇನೂ ತಪ್ಪಿಲ್ಲ, ನಿಮ್ಮ ಸೈಕಲ್ ಭಾರ ಜಾಸ್ತಿ" ಅಂದನಂತೆ. ಅಷ್ಟೇ ಸಾಕಾಯಿತು, ಹುಚ್ಚು ನೆತ್ತಿಗೇರಿತು.

ಚಿನ್ನದ ಅಂಗಡಿಯಲ್ಲಿ ತೂಕ ಏರಿದರೆ ಬೆಲೆ ಏರುತ್ತದೆ. ಈ ಸೈಕಲ್ ಅಂಗಡಿಯಲ್ಲಿ ತೂಕ ಇಳಿದಷ್ಟೂ ಬೆಲೆ ಏರುತ್ತದೆ. ಬೇರೆ ಯಾರಾದರೂ ಆಗಿದ್ದರೆ, ಏನಪ್ಪಾ, ಕಿವಿ ಮೇಲೆ ಹೂ ಇಡ್ತಿದ್ದೀರಾ ಅಂತ ಕೇಳುತ್ತಿದ್ದರು. ಇವನಿಗೆ ಮಾತ್ರ ಮೈಯೆಲ್ಲ ಪುಳಕ.

"ಅತ್ತಿಗೆ, ಇಲ್ಲದ್ದಕ್ಕೆ ಜನ ಇಷ್ಟು ದುಡ್ಡು ಕೊಡ್ತಾರೆ ಅಂದ್ರೆ ಅದು ಎಂಥಾ ಮಾಲು ಇರಬೇಕು ನೋಡಿ" ಅಂದ ನನ್ನ ಹತ್ತಿರ.

"ಇಲ್ಲದ್ದನ್ನ ನಾನೂ ಮಾರ್ತೀನಪ್ಪ, ಚೀಲ ತಗೊಂಡು ಬಾ" ಅಂದೆ. ನಗಲಿಲ್ಲ.

ಹೊಸ ಸೈಕಲ್ ಬಂತು. ಅದಕ್ಕೆ ಬೇರೆ ಚಕ್ರ ಬಂತು. ಪೆಡಲ್‌ಗೆ ಸಿಕ್ಕಿಸಲು ತಳಕ್ಕೆ ಕೊಕ್ಕೆಯಿರುವ ಶೂ ಬಂತು, ಅದನ್ನು ಹಾಕಿಕೊಂಡು ಅಡುಗೆಮನೆಯಲ್ಲಿ ಬಾತುಕೋಳಿ ಹಾಗೆ ನಡೆಯುತ್ತಿದ್ದ. ಸೈಕಲ್ ಮಲಗುವ ಕೋಣೆಯ ಗೋಡೆ ಏರಿತು, ತಂಗಿಯ ಹೊಲಿಗೆ ಮೆಷಿನ್ ಓಡಾಡುವ ದಾರಿಗೆ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಅದೇ. ಇವನ ಹೊಟ್ಟೆಗೇನೂ ಕೊರತೆಯಿರಲಿಲ್ಲ ಅನ್ನಿ. ಗುಡ್ಡ ಇಳಿದು ಬಂದವನು ಮೂರು ಜನರದ್ದು ತಿನ್ನುತ್ತಿದ್ದ. ಸೈಕಲ್ಲಿನಲ್ಲಿ ಕಳೆದ ಗ್ರಾಮುಗಳೆಲ್ಲ ಇಲ್ಲಿ ಬಂದು ಕೂರುತ್ತಿದ್ದವು.

ಅವನ ಮೆತ್ತೆಯಿಟ್ಟ ಸೈಕಲ್ ಚಡ್ಡಿ ಒಗೆಯಲು ನನ್ನ ಅಂಗಡಿಗೇ ಬರುತ್ತಿತ್ತು. ತಣ್ಣೀರು, ಕೈಯಲ್ಲೇ ಒಗೆತ, ಹಿಂಡಬಾರದು, ನೆರಳಲ್ಲಿ ಒಣಗಬೇಕು. ಬಾಣಂತಿಗೂ ಇಷ್ಟು ಉಪಚಾರ ನಾನು ಕಂಡಿಲ್ಲ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಚಡ್ಡಿ ಬಂದ ಮೇಲೆ ಅವನ ಕೂರುವ ಜಾಗ ಹುಣ್ಣಾಗುವುದು ನಿಂತಿತು. ಅದಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಷ್ಟೆಲ್ಲ ಸುರಿದ ಮೇಲೂ ಗುಡ್ಡದ ತುದಿಗೆ ಅವನೇ ಕೊನೆ.

ಅವನ ಮಗಳಿಗೆ ಹದಿಮೂರು. ಆ ಹುಡುಗಿಗಿದ್ದದ್ದು ಒಂದೇ ಆಸೆ, ಅಪ್ಪನ ಜೊತೆ ಗುಡ್ಡ ಹತ್ತಬೇಕು. ಪ್ರತಿ ಭಾನುವಾರ ಅವನಿಗಿಂತ ಮೊದಲೇ ಎದ್ದು, ಎರಡು ಜಡೆ ಹೆಣೆದುಕೊಂಡು, ತನ್ನ ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವನು ಕನ್ನಡಕ ಸರಿಮಾಡಿಕೊಳ್ಳುತ್ತ, "ನಿನ್ನ ಸೈಕಲ್ ಭಾರ ಪುಟ್ಟಿ, ಏರಲ್ಲಿ ಹಿಂದೆ ಬೀಳ್ತೀಯ" ಅಂತ ಹೇಳಿ ಹೋಗಿಬಿಡುತ್ತಿದ್ದ. ಮಗಳು ಎಲ್ಲಿ ತನ್ನನ್ನೇ ಹಿಂದೆ ಹಾಕುತ್ತಾಳೋ ಅಂತ ಅವನಿಗೆ ಭಯವಿತ್ತು ಅಂತ ನನ್ನ ಅನುಮಾನ.

"ಹಾಗಾದ್ರೆ ನನ್ನದೂ ಹಗುರ ಮಾಡಿಕೊಡು" ಅಂದಳು ಒಂದು ದಿನ. ಇದು ಅವನ ಭಾಷೆ. ಕರಗಿಹೋದ.

ಮಗಳ ಸೈಕಲ್ಲನ್ನು ಬಿಚ್ಚಿ ಹಾಸಿದ. ಬೆಲ್ಲು, ಸ್ಟ್ಯಾಂಡು, ಮಡ್‌ಗಾರ್ಡು ಎಲ್ಲ ಹೋಯಿತು. ಮಗಳನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಲೆಕ್ಕ ಹಾಕಿದ. ಇನ್ನೂ ಇಳಿಯಬೇಕು ಅಂದ. ತನ್ನ ಸೈಕಲ್ಲಿಗಾದರೆ ಹಗುರವೂ ಗಟ್ಟಿಯೂ ಆದ ದುಬಾರಿ ಟೈಟಾನಿಯಂ ಬೋಲ್ಟ್ ಹಾಕಿಸಿಕೊಂಡಿದ್ದ. ಅವಳದ್ದಕ್ಕೆ ಅಷ್ಟು ಸುರಿಯಲು ಮನಸ್ಸು ಬರಲಿಲ್ಲ. ಹ್ಯಾಂಡಲ್ ಹಿಡಿದಿಡುವ ಕಬ್ಬಿಣದ ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು ತನ್ನ ಅಂಗಡಿಗೆ ಹೋದ. ಬಳೆ ಕೊರೆಯುವ ಸಣ್ಣ ಡ್ರಿಲ್ಲಿನಲ್ಲಿ ಒಂದೊಂದನ್ನೂ ಒಳಗಿನಿಂದ ಕೊರೆದು ಟೊಳ್ಳು ಮಾಡಿಕೊಂಡು ಬಂದ. ಸಂಜೆ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದ.

"ಟೊಳ್ಳು ಮಾಡಿದ್ರೆ ಗಟ್ಟಿ ಇರುತ್ತೇನ್ರೀ?" ಅಂತ ತಂಗಿ ಕೇಳಿದಳು.

"ಬಳೆಗೆ ಮಾಡಲ್ವಾ? ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ."

ಹೊರಗಿಂದ ಗೊತ್ತಾಗದಿದ್ದರೆ ಮುಗಿಯಿತು, ಚಿನ್ನದ ಅಂಗಡಿಯವರಿಗೆ ಅದೇ ಸತ್ಯ. ಬಳೆ ಕೈಯಲ್ಲಿ ಸುಮ್ಮನೆ ಕೂತಿರುತ್ತದೆ. ಈ ಬೋಲ್ಟಿನ ಮೇಲೆ ಮಗು ತನ್ನ ಭಾರವನ್ನೆಲ್ಲ ಹಾಕುತ್ತದೆ ಅಂತ ಅವನಿಗೆ ಹೊಳೆಯಲೇ ಇಲ್ಲ.

ಆ ಭಾನುವಾರ ಅಪ್ಪ ಮಗಳು ಜೊತೆಯಲ್ಲೇ ಹೋದರು. ಹುಡುಗಿ ಗುಡ್ಡ ಹತ್ತಿದಳು, ಅಪ್ಪನಿಗಿಂತ ಮೊದಲೇ. ಗುಂಪಿನವರು ಚಪ್ಪಾಳೆ ತಟ್ಟಿದರಂತೆ. ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿ ಮುಂದಕ್ಕೆ ಭಾರ ಹಾಕಿದ್ದಾಳೆ. ಬೋಲ್ಟುಗಳು ತುಂಡಾಗಿ ಹ್ಯಾಂಡಲ್ ಅವಳ ಕೈಗೇ ಬಂದಿದೆ. ಮುಖ ರಸ್ತೆಗೆ ಬಡಿಯಿತು. ಹೆಲ್ಮೆಟ್ ತಲೆ ಉಳಿಸಿತು. ದವಡೆ ಮುರಿಯಿತು, ಮುಂದಿನ ಹಲ್ಲುಗಳು ಹೋದವು.

ನಾನು ಆಸ್ಪತ್ರೆಗೆ ಓಡಿದಾಗ ತಂಗಿ ಮಗಳ ರಕ್ತ ಮೆತ್ತಿದ ಜಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅರಿವಳಿಕೆ ಕೊಡುವ ಡಾಕ್ಟರು ಬಂದು ಮಗುವಿನ ತೂಕ ಎಷ್ಟು ಅಂತ ಕೇಳಿದರು. ತಂಗಿ ತಡವರಿಸಿದಳು. ಇವನು ತಟ್ಟನೆ ಕಿಲೋ ಮೇಲೆ ಗ್ರಾಂ ಸೇರಿಸಿ ಹೇಳಿದ. "ಶೂ ಇಲ್ಲದೆ" ಅಂತಲೂ ಸೇರಿಸಿದ.

"ಇಷ್ಟು ಕಾಳಜಿ ಇರೋ ತಂದೆ ಅಪರೂಪ" ಅಂದರು ಡಾಕ್ಟರು. ಅವನು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ತೆಗೆದುಕೊಂಡ. ನನಗೆ ಹೇಸಿಗೆಯಾಯಿತು. ಎಂಥೆಂಥ ಕೊಳೆ ಮುಟ್ಟಿದ ಕೈ ನನ್ನದು, ಹಾಗೆ ಎಂದೂ ಆಗಿರಲಿಲ್ಲ.

ಹುಡುಗಿಯ ದವಡೆಗೆ ತಂತಿ ಬಿಗಿದು ಮನೆಗೆ ಕಳಿಸಿದರು. ಬಾಯಿ ತೆರೆಯುವ ಹಾಗಿಲ್ಲ, ಮಾತಿಲ್ಲ, ಗಂಜಿಯ ನೀರನ್ನು ಕೊಳವೆಯಲ್ಲಿ ಹೀರಬೇಕು. ಅವನು ಎರಡು ದಿನ ಅತ್ತ, ಇಲ್ಲ ಅನ್ನುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇವನಿಗಾದರೂ ಬಂದೀತು ಅಂತ ಕಾದೆ.

ಮೂರನೆಯ ದಿನ ನಾನು ಅವಳಿಗೆ ಗಂಜಿ ಕುಡಿಸುತ್ತ ಕೂತಿದ್ದೆ, ತಂಗಿ ಕಾಲ ಬಳಿ ಇದ್ದಳು. ಅವನು ಬಂದು ಹಾಸಿಗೆಯ ಅಂಚಿನಲ್ಲಿ ಕೂತ. ಮುಖದಲ್ಲಿ ಗೆಲುವಿತ್ತು.

"ಎಲ್ಲಿ ತಪ್ಪಾಯ್ತು ಅಂತ ಗೊತ್ತಾಯ್ತು ಅತ್ತಿಗೆ. ದುಡ್ಡು ಉಳಿಸೋಕೆ ಹೋದೆ ನೋಡಿ, ಅದೇ ತಪ್ಪು. ಟೈಟಾನಿಯಂ ಹಾಕಿಸಿದ್ರೆ ಕೊರೆಯೋ ಕೆಲಸವೇ ಇರ್ತಿರಲಿಲ್ಲ. ದುಬಾರಿ ಸಾಮಾನಿಗೆ ಸುಮ್ನೆ ಅಷ್ಟು ಬೆಲೆ ಇಡಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೈಕಲ್ಲಿನ ಜೊತೆಗೇ ಬಂದ ಬೋಲ್ಟುಗಳನ್ನು ಮುಟ್ಟದೆ ಬಿಟ್ಟಿದ್ದರೆ ಒಂದು ಕಾಸೂ ಖರ್ಚಿರಲಿಲ್ಲ, ಒಂದು ಹಲ್ಲೂ ಹೋಗುತ್ತಿರಲಿಲ್ಲ. ಹೇಳಲು ಬಾಯಿ ತೆರೆದೆ. ತಂಗಿ ನನ್ನ ಮೊಣಕೈ ಹಿಡಿದಳು.

ಅವನು ಮಗಳ ಕಡೆ ಬಾಗಿ, "ನಿನಗೂ ನನ್ನ ಥರದ್ದೇ ಸೈಕಲ್ ಹೇಳಿದೀನಿ ಪುಟ್ಟಿ. ಗಾಯ ವಾಸಿ ಆಗಲಿ. ಇನ್ಮೇಲೆ ಪ್ರತಿ ಭಾನುವಾರ ಇಬ್ಬರೂ ಜೊತೆಗೆ ಹೋಗೋಣ" ಅಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ಬೇಡ ಅಂತ ತಲೆ ಅಲ್ಲಾಡಿಸಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಅವನಿಗೆ ಅರ್ಥವಾಗಲಿಲ್ಲವೇನೋ, ಬಣ್ಣ ಯಾವುದು ಬೇಕು ಅಂತ ಕೇಳಿದ. ಅವಳು ಎರಡೂ ಕೈಯಿಂದ ದವಡೆ ಹಿಡಿದುಕೊಂಡು ಇನ್ನೊಂದು ಸಲ ತಲೆ ಅಲ್ಲಾಡಿಸಿದಳು.